ಶ್ವೇತಭವನ ಗೊತ್ತು, ಪಾಲಿಕೆ ಭವನ?

ನಾಲ್ಕು ವರ್ಷಗಳಿಗೊಮ್ಮೆ ಅಮೆರಿಕದ ಅಧ್ಯಕ್ಷೀಯ ಚುನಾವಣೆ ಬಂತೆಂದರೆ ದಾವಣಗೆರೆಯ ಅನೇಕ ಮನೆಗಳಲ್ಲಿ ಅದು ಊರಿನ ಚುನಾವಣೆಯಷ್ಟೇ ಚರ್ಚೆಯ ವಸ್ತು. 1951ರಿಂದ ಎಂಜಿನಿಯರುಗಳನ್ನೂ 1965ರಿಂದ ವೈದ್ಯರನ್ನೂ ರೂಪಿಸುತ್ತ ಬಂದಿರುವ ನಗರವಿದು. ಮಗನೋ ಮಗಳೋ ಅಲ್ಲಿ ನೆಲೆಸಿರುವಾಗ ಶ್ವೇತಭವನದಲ್ಲಿ ಯಾರು ಕೂರುತ್ತಾರೆ ಎಂಬ ಕುತೂಹಲ ಸಹಜ. ಆದರೆ ಅಮೆರಿಕದ ಪ್ರಜಾಸತ್ತೆಯನ್ನು ಅಧ್ಯಕ್ಷರೊಬ್ಬರ ಮುಖದಲ್ಲಷ್ಟೇ ಕಾಣುವುದರಿಂದ, ನಮಗೆ ನಿಜಕ್ಕೂ ಉಪಯುಕ್ತವಾದ ಪಾಠ ಕೈತಪ್ಪುತ್ತದೆ.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ರಚಿಸಿದವರಿಗೆ ಅಧಿಕಾರದ ಬಗ್ಗೆ ಗೌರವಕ್ಕಿಂತ ಗುಮಾನಿಯೇ ಹೆಚ್ಚಾಗಿತ್ತು. ಅಂತೆಯೇ ಅವರು ಅದನ್ನು ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳಿಗೆ ಹಂಚಿ, ಒಂದರ ಮೇಲೆ ಇನ್ನೊಂದರ ಕಣ್ಗಾವಲಿಟ್ಟರು. ಅಧ್ಯಕ್ಷರು ಮಸೂದೆಯನ್ನು ತಿರಸ್ಕರಿಸಬಹುದು. ಕಾಂಗ್ರೆಸ್ಸಿನ ಎರಡೂ ಸದನಗಳು ಮೂರನೇ ಎರಡರಷ್ಟು ಬಹುಮತದಿಂದ ಆ ತಿರಸ್ಕಾರವನ್ನೇ ತಳ್ಳಿಹಾಕಬಹುದು. ನ್ಯಾಯಮೂರ್ತಿಗಳನ್ನು ಅಧ್ಯಕ್ಷರು ನೇಮಿಸಿದರೂ ಸೆನೆಟ್ಟಿನ ಸಮ್ಮತಿ ಬೇಕು. ಒಕ್ಕೂಟಕ್ಕೆ ಕೊಡದ, ರಾಜ್ಯಗಳಿಗೆ ನಿಷೇಧಿಸದ ಅಧಿಕಾರಗಳೆಲ್ಲ ರಾಜ್ಯಗಳಿಗೆ ಅಥವಾ ಜನರಿಗೆ ಸೇರಿದವು ಎಂದು 1791ರ ಹತ್ತನೇ ತಿದ್ದುಪಡಿ ಸ್ಪಷ್ಟಪಡಿಸಿತು. ಹರಿಹರೇಶ್ವರ ದೇವಾಲಯದಲ್ಲಿ ಅರ್ಧ ಹರಿ, ಅರ್ಧ ಹರನಾಗಿ ನಿಂತ ಮೂರ್ತಿಯನ್ನು ಕಂಡವರಿಗೆ, ಹಂಚಿಕೊಂಡ ಶಕ್ತಿ ದುರ್ಬಲವಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಆ ಸಂವಿಧಾನದಲ್ಲಿ ನಗರಗಳ ಪ್ರಸ್ತಾಪವೇ ಇಲ್ಲ. ರಾಜ್ಯ ಕೊಟ್ಟಷ್ಟೇ ಅಧಿಕಾರ ನಗರಕ್ಕೆ ಎಂದು 1868ರಲ್ಲಿ ಅಯೋವಾದ ನ್ಯಾಯಮೂರ್ತಿ ಜಾನ್ ಡಿಲ್ಲನ್ ಹೇಳಿದ ಮಾತು ಇಂದಿಗೂ ಹಲವು ರಾಜ್ಯಗಳಲ್ಲಿ ಪ್ರಮಾಣ. ಅಲ್ಲಿನ ನಗರಗಳು ಇದನ್ನು ಹಣೆಬರಹವೆಂದು ಒಪ್ಪಿ ಕೂರಲಿಲ್ಲ. 1875ರಲ್ಲಿ ಮಿಸೌರಿ ರಾಜ್ಯ ತನ್ನ ದೊಡ್ಡ ನಗರಕ್ಕೆ ತನ್ನ ಆಡಳಿತದ ಸನ್ನದನ್ನು ತಾನೇ ಬರೆದುಕೊಳ್ಳುವ ಹಕ್ಕು ನೀಡಿತು. ಇತರ ರಾಜ್ಯಗಳು ಹಿಂಬಾಲಿಸಿದವು. 1913ರ ಭೀಕರ ಪ್ರವಾಹದಿಂದ ತತ್ತರಿಸಿದ ಒಹಾಯೊದ ಡೇಟನ್ ನಗರ, ಮರುವರ್ಷವೇ ವೃತ್ತಿಪರ ಆಡಳಿತಗಾರನೊಬ್ಬನನ್ನು ನೇಮಿಸಿಕೊಂಡಿತು. ಆತನನ್ನು ನೇಮಿಸುವುದೂ ತೆಗೆಯುವುದೂ ಚುನಾಯಿತ ಮಂಡಳಿಯ ಕೈಯಲ್ಲೇ ಇತ್ತು. ಇನ್ನು ಅನೇಕ ನಗರಗಳಲ್ಲಿ ಮೇಯರ್ ಜನರಿಂದಲೇ ನೇರವಾಗಿ ಆಯ್ಕೆಯಾಗುತ್ತಾರೆ. ಎರಡೂ ಪದ್ಧತಿಗಳ ತಿರುಳು ಒಂದೇ: ಚರಂಡಿ ಕಟ್ಟಿದರೆ ಯಾರನ್ನು ಕೇಳಬೇಕೆಂಬುದು ನಾಗರಿಕನಿಗೆ ತಿಳಿದಿರುತ್ತದೆ.

ದಾವಣಗೆರೆಯ ನಾಗರಿಕನಿಗೆ ಅದು ತಿಳಿದಿದೆಯೇ? 2007ರಲ್ಲಿ ನಗರಸಭೆ ಮಹಾನಗರ ಪಾಲಿಕೆಯಾಯಿತು. 1976ರ ಪೌರ ನಿಗಮಗಳ ಕಾಯ್ದೆ ಮೇಯರ್‌ಗೆ ವಿಧಿಸಿದ ಅವಧಿ ಒಂದೇ ವರ್ಷ. ಪಕ್ಕದ ಹರಿಹರದ ನಗರಸಭೆ ಅಧ್ಯಕ್ಷರಿಗೆ ಮೂವತ್ತು ತಿಂಗಳು. ಅದಕ್ಕಿಂತ ಹಲವು ಪಟ್ಟು ದೊಡ್ಡ ನಗರದ ಮೇಯರ್‌ಗೆ ಹನ್ನೆರಡೇ! ಕಡತಗಳ ಪರಿಚಯವಾಗುವಷ್ಟರಲ್ಲಿ ಬೀಳ್ಕೊಡುಗೆಯ ಹಾರ ಸಿದ್ಧ. ಕಾರ್ಯಾಂಗದ ಅಧಿಕಾರವಿರುವುದು ರಾಜ್ಯ ಸರ್ಕಾರ ನೇಮಿಸುವ ಆಯುಕ್ತರಲ್ಲಿ. 2019ರ ಚುನಾವಣೆಯಲ್ಲಿ 45 ವಾರ್ಡುಗಳ ಪೈಕಿ ಕಾಂಗ್ರೆಸ್ 22, ಬಿಜೆಪಿ 17 ಗೆದ್ದವು. 2020ರಲ್ಲಿ ಮೇಯರ್ ಪೀಠ ಬಿಜೆಪಿಗೆ ಒಲಿಯಿತು. ಸಂಸದರು, ಶಾಸಕರು, ವಿಧಾನ ಪರಿಷತ್ ಸದಸ್ಯರಿಗೂ ಅಲ್ಲಿ ಮತವುಂಟು. ಲಾಭ ಯಾವ ಪಕ್ಷದ್ದು ಎಂಬುದು ಇಲ್ಲಿ ಮುಖ್ಯವಲ್ಲ. ವಾರ್ಡಿನ ಮತದಾರ ಕೊಟ್ಟ ತೀರ್ಪಿಗೂ ಮೇಯರ್ ಪೀಠಕ್ಕೂ ನಡುವೆ ಇಷ್ಟು ದೂರವಿರಬೇಕೆ ಎಂಬುದೇ ಪ್ರಶ್ನೆ.

2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಇಪ್ಪತ್ತು ನಗರಗಳ ಪಟ್ಟಿಯಲ್ಲಿ ದಾವಣಗೆರೆ ಸೇರಿದಾಗ ಸಂಭ್ರಮಿಸಿದೆವು. ಆ ಕಾಮಗಾರಿಗಳನ್ನು ನಡೆಸಿದ್ದು ಪಾಲಿಕೆಯ ಸಭೆಯಲ್ಲ, ಅದಕ್ಕೆಂದೇ ರಚಿಸಿದ ಕಂಪನಿ. ಅಗೆದ ರಸ್ತೆಯ ಮುಂದೆ ನಿಂತ ನಾಗರಿಕ ತನ್ನ ಸದಸ್ಯನನ್ನು ಕೇಳಿದರೆ, ಆತ ಕೈತೋರಿಸಬಹುದಾದ ಇನ್ನೊಂದು ಬಾಗಿಲು ಹೀಗೆ ಸೃಷ್ಟಿಯಾಯಿತು.

ಅಮೆರಿಕವೇನೂ ಸ್ವರ್ಗವಲ್ಲ. ನ್ಯೂಯಾರ್ಕಿನ ಟ್ಯಾಮನಿ ಹಾಲ್ ಕೂಟ ನಗರದ ಬೊಕ್ಕಸವನ್ನು ಲೂಟಿ ಹೊಡೆದದ್ದು ಚುನಾವಣೆಗಳನ್ನು ಗೆದ್ದುಕೊಂಡೇ. ಸ್ಥಳೀಯ ಚುನಾವಣೆಗಳಲ್ಲಿ ಅಲ್ಲಿ ಮತ ಹಾಕುವವರೂ ಕಡಿಮೆ. ಆದರೆ ಮಿಶಿಗನ್ನಿನ ಫ್ಲಿಂಟ್ ನಗರದ ಕಥೆಯನ್ನು ನಾವು ಮರೆಯಬಾರದು. ಹಣಕಾಸಿನ ಮುಗ್ಗಟ್ಟಿನ ನೆಪದಲ್ಲಿ ಚುನಾಯಿತರ ಅಧಿಕಾರವನ್ನು ರಾಜ್ಯ ನೇಮಿಸಿದ ಆಡಳಿತಾಧಿಕಾರಿಗೆ ಒಪ್ಪಿಸಲಾಗಿತ್ತು. 2014ರಲ್ಲಿ ಖರ್ಚು ಉಳಿಸಲೆಂದು ಕುಡಿಯುವ ನೀರಿನ ಮೂಲವನ್ನು ಬದಲಿಸಲಾಯಿತು. ಸೂಕ್ತ ಸಂಸ್ಕರಣೆಯಿಲ್ಲದೆ ಹಳೆಯ ಕೊಳವೆಗಳ ಸೀಸ ಮನೆಮನೆಯ ನಲ್ಲಿಗೆ ಹರಿಯಿತು. ಜನ ದೂರಿದರು, ಆದರೆ ಅವರ ಮತಕ್ಕೆ ಅಂಜಬೇಕಾದವರು ಆ ಕುರ್ಚಿಯಲ್ಲಿರಲಿಲ್ಲ.

ತುಂಗಭದ್ರೆಯ ನೀರು ಕುಡಿಯುವ ನಮ್ಮ ಎರಡೂ ನಗರಗಳಿಗೆ ಇದು ಎಚ್ಚರಿಕೆಯ ಗಂಟೆ. ಆಡಳಿತಾಧಿಕಾರಿಗಳ ಕಾಲ ನಮಗೂ ಹೊಸದಲ್ಲ. ರಾಜ್ಯದಲ್ಲಿ 2016ರಲ್ಲಿ ಚುನಾಯಿತವಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ವಿಪರ್ಯಾಸವೆಂದರೆ ಅಮೆರಿಕದ ಸಂವಿಧಾನದಲ್ಲಿಲ್ಲದ ರಕ್ಷಣೆ ನಮ್ಮ ನಗರಗಳಿಗಿದೆ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ ನಗರಾಡಳಿತವನ್ನು ಸಂವಿಧಾನಕ್ಕೆ ಸೇರಿಸಿತು, ಅವಧಿ ಮುಗಿಯುವ ಮುನ್ನವೇ ಚುನಾವಣೆ ಮುಗಿಯಬೇಕೆಂದಿತು, ಹದಿನೆಂಟು ವಿಷಯಗಳನ್ನು ಪಟ್ಟಿ ಮಾಡಿತು. ಗಡುವು ಮೀರಕೂಡದೆಂದು 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಆದರೆ ಆ ವಿಷಯಗಳ ಹಸ್ತಾಂತರ ರಾಜ್ಯಗಳ ಮರ್ಜಿಗೆ ಉಳಿಯಿತು. ದೆಹಲಿಯಿಂದ ಅಧಿಕಾರ ಕೇಳುವ ಬೆಂಗಳೂರು, ದಾವಣಗೆರೆಗೆ ಅದನ್ನು ಕೊಡಲು ಹಿಂದೇಟು ಹಾಕುತ್ತ ಬಂದಿದೆ.

ಮೇಯರ್‌ಗೆ ಕನಿಷ್ಠ ಹರಿಹರದಷ್ಟಾದರೂ ಅವಧಿ, ಆಯುಕ್ತರ ಉತ್ತರದಾಯಿತ್ವ ಪಾಲಿಕೆಯ ಸಭೆಗೆ, ಗಡುವಿನೊಳಗೆ ಚುನಾವಣೆ: ಈ ಮೂರಕ್ಕೆ ಬೇಕಿರುವುದು ರಾಜ್ಯ ಸರ್ಕಾರದ ಇಚ್ಛೆ ಮಾತ್ರ. ಆ ಇಚ್ಛೆ ತಾನಾಗಿ ಮೂಡುವುದಿಲ್ಲ. ಸೆನೆಟ್ಟಿನ ಬಲಾಬಲವನ್ನು ಬೆರಳೆಣಿಕೆಯಲ್ಲಿ ಹೇಳಬಲ್ಲ ವಿದ್ಯಾವಂತರು ತಮ್ಮ ವಾರ್ಡಿನ ಸದಸ್ಯರ ಹೆಸರನ್ನೂ ತಿಳಿದು, ಪಾಲಿಕೆಯ ಆಯವ್ಯಯದ ಪ್ರತಿಯೊಂದನ್ನು ಕೇಳಿ ಪಡೆಯಲಿ. ಪ್ರಜಾಸತ್ತೆಯ ಪಾಠ ಅಲ್ಲಿಂದಲೇ ಮೊದಲಾಗಬೇಕು.