ತಾನೇ ಆಡುವ ಕೈ

ಪಕ್ಷಾಘಾತವೆಂದೊಡನೆ ಗೃಹಸ್ಥರ ಕಣ್ಣಿಗೆ ಕಟ್ಟುವುದು ಜೋತುಬಿದ್ದ ಕೈ, ಸೊಟ್ಟಗಾದ ಬಾಯಿ, ತೊದಲುವ ನಾಲಗೆ. ಚರಕಸಂಹಿತೆಯೂ ಒಂದು ಪಾರ್ಶ್ವದ ಚೇಷ್ಟೆ ನಿಲ್ಲುವುದನ್ನೂ ಮಾತು ಸ್ತಂಭಿಸುವುದನ್ನೂ ಇದರ ಲಕ್ಷಣಗಳೆಂದು ಹೇಳಿದೆ. ಬಹುಮಟ್ಟಿಗೆ ಇದು ದಿಟವೇ. ಆದರೆ ಕ್ವಚಿತ್ತಾಗಿ ಇದೇ ವ್ಯಾಧಿಯು ತದ್ವಿರುದ್ಧವಾದ ವೇಷದಿಂದ ಬರುವುದುಂಟು; ಅಂಗವು ನಿಶ್ಚೇಷ್ಟವಾಗುವುದಕ್ಕೆ ಬದಲು ಹಿಡಿತವಿಲ್ಲದೆ ಕುಣಿಯತೊಡಗುತ್ತದೆ.

ಮನೆಯ ಹಿರಿಯರೊಬ್ಬರು ಊಟಕ್ಕೆ ಕುಳಿತಿದ್ದಾರೆಂದು ಭಾವಿಸಿರಿ. ಹಠಾತ್ತಾಗಿ ಬಲಗೈ ಚಾಟಿಯಂತೆ ಬೀಸಿ ತಟ್ಟೆಯನ್ನು ದೂರಕ್ಕೆಸೆಯುತ್ತದೆ; ಬಲಗಾಲೂ ಒದೆಯುತ್ತದೆ. ಪ್ರಜ್ಞೆಯಿದೆ, ಮಾತು ಸ್ಪಷ್ಟವಾಗಿದೆ, ಮುಷ್ಟಿಯಲ್ಲಿ ಬಲವೂ ಇದೆ. ಒಬ್ಬರು ಗಾಳಿ ಸೋಕಿತೆನ್ನುವರು, ಇನ್ನೊಬ್ಬರು ಮೂರ್ಛೆರೋಗವೆನ್ನುವರು, ಮೂರನೆಯವರು ಯಂತ್ರ ಕಟ್ಟಿಸಲು ಹೊರಡುವರು. ಲಕ್ವವೆಂದು ಮಾತ್ರ ಯಾರೂ ಹೇಳರು.

ಮಿದುಳಿನ ಆಳದಲ್ಲಿ ಕಡಲೆಕಾಳಿನಷ್ಟು ಸಣ್ಣದೊಂದು ಕೇಂದ್ರವಿದೆ. ಫ್ರಾನ್ಸಿನ ಲೂಯಿಸ್ ಎಂಬ ವೈದ್ಯನು 1865ರಲ್ಲಿ ಇದನ್ನು ವರ್ಣಿಸಿದನು. ಇದಕ್ಕೆ ಪೆಟ್ಟಾದರೆ ದೇಹದ ಎದುರು ಪಾರ್ಶ್ವದಲ್ಲಿ ಈ ಕುಣಿತವುಂಟಾಗುವುದೆಂದು ಲಂಡನ್ನಿನ ಪರ್ಡನ್ ಮಾರ್ಟಿನ್ 1927ರಲ್ಲಿ ವಿವರಿಸಿದನು. ಚಲನೆಗಳಿಗೆ ಈ ಕಾಳು ಕಡಿವಾಣವಿದ್ದಂತೆ. ಅದರ ರಕ್ತನಾಳವು ಕಟ್ಟಿದರೆ ಅಥವಾ ಒಡೆದರೆ ಕುದುರೆ ಸವಾರನ ಮಾತು ಕೇಳದು. ನೆರೆಯ ಇತರ ಭಾಗಗಳಿಗೆ ಧಕ್ಕೆಯಾದರೂ ಹೀಗಾಗಬಹುದೆಂದು ಅನಂತರ ತಿಳಿದುಬಂದಿದೆ. ಪಕ್ಷಾಘಾತವಾದ 100 ಮಂದಿಯಲ್ಲಿ ಸುಮಾರು 1ರಿಂದ 4 ಮಂದಿಗೆ ಒಂದಲ್ಲ ಒಂದು ಬಗೆಯ ಅನೈಚ್ಛಿಕ ಚಲನೆ ಕಾಣುತ್ತದೆ. ಕೆಲವರಿಗೆ ತತ್‌ಕ್ಷಣವೇ, ಕೆಲವರಿಗೆ ತಿಂಗಳುಗಳು ಕಳೆದ ಮೇಲೆ.

ಇನ್ನೊಂದು ಬಗೆಯು ಇದಕ್ಕಿಂತಲೂ ಮೋಸಗಾರ. ಜಗುಲಿಯಿಂದ ಎದ್ದು ನಿಂತೊಡನೆ ಒಂದು ಕೈ ಒಂದೆರಡು ನಿಮಿಷ ನಡುಗಿ, ಕುಳಿತರೆ ತಾನೇ ನಿಲ್ಲುತ್ತದೆ. ಕುತ್ತಿಗೆಯ ದೊಡ್ಡ ರಕ್ತನಾಳವು ಕಿರಿದಾಗಿ ಮಿದುಳಿಗೆ ರಕ್ತ ಸಾಲದಿರುವುದರ ಕುರುಹು ಇದಾಗಿರಬಹುದು. ನಿಂತಿತಲ್ಲಾ ಎಂದು ಸುಮ್ಮನಿರತಕ್ಕದ್ದಲ್ಲ. ಬರಲಿರುವ ಆಘಾತಕ್ಕೆ ಇದು ಮುನ್ಸೂಚನೆ.

ಮಧುಮೇಹಿಗಳಲ್ಲಿ ರಕ್ತದ ಸಕ್ಕರೆ ವಿಪರೀತ ಏರಿದಾಗಲೂ ಒಂದೇ ಪಾರ್ಶ್ವವು ಹೀಗೆ ಆಡುವುದುಂಟು. ಆದಕಾರಣ ವೈದ್ಯರು ಮೊದಲು ಸಕ್ಕರೆಯನ್ನೂ ಪರೀಕ್ಷಿಸುವರು. ಯಾವುದೆಂಬ ನಿರ್ಣಯವು ಮನೆಯಲ್ಲಾಗದು. ರಕ್ತದ ಹೆಪ್ಪನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗಾಗಿ ಕೊಡಬೇಕು. ಅದಕ್ಕೂ ಮುನ್ನ ರಕ್ತಸ್ರಾವವಿಲ್ಲವೆಂದು ಸ್ಕ್ಯಾನ್ ಮಾಡಿ ನೋಡಬೇಕು. ನಮ್ಮ ಬುಕ್ಕಾಂಬುಧಿಯಂತಹ ಊರಿನವರಿಗೆ ಈ ಅವಧಿಯು ಬಸ್ಸಿಗೆ ಕಾಯುವುದರಲ್ಲಿಯೇ ಕರಗಿಹೋದೀತು. 108ಕ್ಕೆ ಕರೆಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಒಯ್ಯಬೇಕೆಂದು ಕೇಳಿಕೊಳ್ಳತಕ್ಕದ್ದು. ಕೈ ಆಡತೊಡಗಿದ ಗಳಿಗೆಯನ್ನು ಗಡಿಯಾರ ನೋಡಿ ಬರೆದಿಡಿ. ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೊಂದು. ಬಾಯಿಗೆ ನೀರನ್ನಾಗಲಿ ಮಾತ್ರೆಯನ್ನಾಗಲಿ ಹಾಕಬೇಡಿ. ಕೈಯನ್ನು ಹಗ್ಗದಿಂದ ಕಟ್ಟುವುದೂ ಬೇಡ. ಗೋಡೆಗೆ ಬಡಿಯದಂತೆ ಸುತ್ತಲೂ ದಿಂಬುಗಳನ್ನಿಟ್ಟರೆ ಸಾಕು.

ಈ ಕುಣಿತವು ಅನೇಕರಲ್ಲಿ ಕೆಲವು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ತಗ್ಗುತ್ತದೆ. ತಗ್ಗದವರಿಗೂ ಅದನ್ನು ಅಡಗಿಸುವ ಔಷಧಿಗಳಿವೆ. ನಿದ್ರೆಯಲ್ಲಂತೂ ಕೈ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಹಗಲಲ್ಲಿ ಆಡಿ ರಾತ್ರಿ ಸುಮ್ಮನಿರುವ ಇದನ್ನು ಕಂಡು ರೋಗಿಯು ನಟಿಸುತ್ತಿರುವನೆಂದು ಸಂಶಯಪಡುವವರಿದ್ದಾರೆ. ಅದು ಈ ರೋಗದ ಸ್ವಭಾವ.