ಕೋಡ್ ಹಿಡಿದ ದರ್ಜಿ

ಊರಿನ ದರ್ಜಿಗೆ ಅಳತೆ ಬ್ಲೌಸ್ ಕೊಟ್ಟರೆ ಸಾಕಿತ್ತು, ಮಿಕ್ಕದ್ದು ಅವನ ಕೈಗೆ ಗೊತ್ತಿತ್ತು. ಮಹಾನಗರಕ್ಕೆ ಬಂದ ಮೇಲೆ ನಮ್ಮ ಮೈಯನ್ನೆಲ್ಲ ಎಸ್, ಎಂ, ಎಲ್ ಎಂಬ ಅಕ್ಷರಗಳಲ್ಲಿ ತುರುಕಬೇಕು. ಇದಕ್ಕೆ ಇನ್ನೊಂದು ದಾರಿಯಿದೆ: ಬಟ್ಟೆಯ ಪ್ಯಾಟರ್ನನ್ನು ಕೋಡ್‌ನಲ್ಲಿ ಬರೆಯುವುದು. ಬೆಲ್ಜಿಯಂನ ಯೋಸ್ಟ್ ಡಿ ಕಾಕ್ ಶುರುಮಾಡಿದ ಫ್ರೀಸೂಯಿಂಗ್ ಎಂಬ ಓಪನ್ ಸೋರ್ಸ್ ಯೋಜನೆ ಜಾವಾಸ್ಕ್ರಿಪ್ಟ್‌ನಲ್ಲಿ ಇದನ್ನೇ ಮಾಡುತ್ತದೆ. ನಿಮ್ಮ ಅಳತೆ ಇನ್‌ಪುಟ್, ಕತ್ತರಿಸುವ ನಕ್ಷೆ ಔಟ್‌ಪುಟ್.

ಇಂಥ ಕೋಡ್ ಬರೆಯುವಾಗ ಪ್ರತಿ ಸಾಲಿಗೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಸಂಖ್ಯೆ ಮೈಯೊಂದಿಗೆ ಬೆಳೆಯುತ್ತದೆಯೇ?

36 ಇಂಚಿನ ಎದೆಗೆ 2 ಇಂಚು ಸಡಿಲ ಬಿಡುತ್ತೀರಿ ಎನ್ನಿ. ಕೋಡ್‌ನಲ್ಲಿ ‘2’ ಎಂದೇ ಬರೆದರೆ ಮಗುವಿನ 24 ಇಂಚಿಗೆ ಅದು ದೊಗಳೆ, 48 ಇಂಚಿಗೆ ಬಿಗಿ. ಎದೆಯ ಶೇಕಡಾ 5.5 ಎಂದು ಬರೆಯಿರಿ, ಮೂವರಿಗೂ ಹೊಂದುತ್ತದೆ. ಆದರೆ ಹೊಲಿಗೆಗೆಂದು ಬಿಡುವ ಅರ್ಧ ಇಂಚಿನ ಅಂಚು ಯಾರಿಗಾದರೂ ಅರ್ಧ ಇಂಚೇ. ಅದು ಮೈಯ ಲೆಕ್ಕವಲ್ಲ, ಹೊಲಿಯುವ ಕೈಯ ಲೆಕ್ಕ. ಹಾಗಾಗಿ ಅದನ್ನು ಮೂಲ ಗೆರೆಯಲ್ಲಿ ಬೆರೆಸದೆ, ಕೊನೆಯಲ್ಲಿ ಬೇರೆಯಾಗಿ ಸೇರಿಸಿ.

ಶೇಕಡಾ ಲೆಕ್ಕಕ್ಕೂ ಸರಿಯಾದ ಅಳತೆ ಬೇಕು. ಒಂದು ವರ್ಷದ ಮಗುವಿನ ತಲೆಯ ಸುತ್ತಳತೆ, ಎದೆಯ ಸುತ್ತಳತೆ ಎರಡೂ ಸುಮಾರು 46 ಸೆಂ.ಮೀ. ದೊಡ್ಡವರಲ್ಲಿ ಎದೆ ತಲೆಗಿಂತ ಬಹಳ ಹೆಚ್ಚು. ಟೀ ಶರ್ಟಿನ ಕುತ್ತಿಗೆಯನ್ನು ಎದೆಯಿಂದ ಲೆಕ್ಕ ಹಾಕಿದರೆ ಮಗುವಿನ ತಲೆ ತೂರುವುದೇ ಇಲ್ಲ!

ತೋಳಿನ ವಿಷಯ ಇನ್ನೂ ನಾಜೂಕು. ತೋಳಿನ ಮೇಲಂಚಿನ ವಕ್ರರೇಖೆ ಆರ್ಮ್‌ಹೋಲ್‌ಗೆ ಕೂರಬೇಕು. ಎರಡಕ್ಕೂ ಬೇರೆ ಬೇರೆ ಸೂತ್ರ ಬರೆದು ಕೈಮುಗಿಯಬೇಡಿ. ಮೊದಲು ಆರ್ಮ್‌ಹೋಲ್‌ನ ಉದ್ದ ಅಳೆಯಿರಿ, ಆಮೇಲೆ ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ಕಡಿಮೆಯಾಗುವವರೆಗೆ ತೋಳನ್ನು ಲೂಪ್‌ನಲ್ಲಿ ತಿದ್ದಿ.

ಟೆಸ್ಟಿಂಗ್ ನಮ್ಮ ಆಫೀಸಿನಂತೆಯೇ. ಗೊಂಬೆಯ ಅಳತೆ, ದೈತ್ಯನ ಅಳತೆ ಎರಡನ್ನೂ ಕೊಟ್ಟು ನೋಡಿ, ಗೆರೆಗಳು ಒಂದರ ಮೇಲೊಂದು ಹಾಯ್ದರೆ ಸೂತ್ರದಲ್ಲಿ ದೋಷವಿದೆ. ಪ್ರಿಂಟ್ ತೆಗೆದಾಗ ಪುಟದ ಮೇಲಿನ ಪರೀಕ್ಷಾ ಚೌಕವನ್ನು ಸ್ಕೇಲಿನಿಂದ ಅಳೆಯಿರಿ. ರೇಷ್ಮೆಗೆ ಕತ್ತರಿ ಹಾಕುವ ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಒಮ್ಮೆ ಹೊಲಿಯಿರಿ.

ಕೊನೆಯದಾಗಿ, ‘ಅರ್ಧ ಬರೆದು ಕನ್ನಡಿ ಬಿಂಬ ತೆಗೆದರಾಯಿತು’ ಎನ್ನುವುದು ನಾವು ಗಮನಿಸದೇ ಮಾಡುವ ಊಹೆ. ಬೆನ್ನುಮೂಳೆ ವಾಲಿದವರಿಗೆ, ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಆದವರಿಗೆ ಆ ಒಂದು ಸಾಲಿನಿಂದಲೇ ಬಟ್ಟೆ ಕೈತಪ್ಪುತ್ತದೆ. ಅಂಗಡಿಯ ಅಕ್ಷರಗಳು ಅವರನ್ನು ಮೊದಲೇ ಬಿಟ್ಟಿವೆ, ನಮ್ಮ ಕೋಡ್ ಕೂಡ ಬಿಡಬೇಕೇ? ಎಡ, ಬಲ ಎರಡು ಬೇರೆ ಇನ್‌ಪುಟ್ ಆಗಿರಲಿ. ಎರಡೂ ಒಂದೇ ಇರುವವರಿಗೆ ಅದೇ ಸಂಖ್ಯೆಯನ್ನು ಎರಡು ಸಲ ಬರೆಯುವ ಕೆಲಸ, ಅಷ್ಟೇ.