ತವರಿನ ಸಂಗತಿಯನ್ನು ವೈದ್ಯರಿಗೆ ತಿಳಿಸೋಣ

ಎಳೆಯ ಗಂಡುಮಗುವಿಗೆ ಮೇಲಿಂದ ಮೇಲೆ ಕಿವಿ ಸೋರಿ, ನ್ಯುಮೋನಿಯಾ ಮರುಕಳಿಸುತ್ತಿದ್ದರೆ ದೃಷ್ಟಿ ತಗುಲಿತೆಂದು ನಾವು ಸುಮ್ಮನಿರಲಾಗದು. ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳೇ ದೇಹದಲ್ಲಿ ಹುಟ್ಟದ ಅಪರೂಪದ ಆನುವಂಶಿಕ ವ್ಯಾಧಿಯೊಂದುಂಟು; 1952ರಲ್ಲಿ ಅಮೆರಿಕದ ವೈದ್ಯ ಬ್ರೂಟನ್ ಅದನ್ನು ವಿವರಿಸಿದರು. ಗರ್ಭದಲ್ಲಿ ತಾಯಿಯಿಂದ ಪಡೆದ ಪ್ರತಿಕಾಯಗಳು ಕರಗಿದ ಮೇಲೆ, ಸುಮಾರು 6 ತಿಂಗಳಿಗೆ, ಅದು ತಲೆದೋರುತ್ತದೆ. ದೋಷದ ವಂಶವಾಹಿಯನ್ನು ಹೊತ್ತ ತಾಯಿ ಆರೋಗ್ಯವಂತಳೇ. ಅವಳ ಪ್ರತಿ ಗಂಡುಮಗುವಿಗೂ ವ್ಯಾಧಿಯ ಸಂಭವ ಅರ್ಧಕ್ಕರ್ಧ. ಅದು ಅವಳ ತಪ್ಪಲ್ಲ.

ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ನಮ್ಮ ಸೊಸೆಯಂದಿರಲ್ಲಿ ಅನೇಕರ ತವರು ಗಡಿಯಾಚೆ. ಅಲ್ಲಿ ಮಗುವಿನ ಸೋದರಮಾವಂದಿರು ಎಳವೆಯಲ್ಲೇ ತೀರಿಹೋಗಿದ್ದರೆ ಇಲ್ಲಿಯ ವೈದ್ಯರಿಗೆ ನಾವೇ ತಿಳಿಸಬೇಕು. ಪರೀಕ್ಷೆಗೆ ಮುಂಬಯಿಯಲ್ಲಿ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆಯಿದೆ. ಪ್ರತಿಕಾಯಗಳನ್ನು ಕಾಲಕಾಲಕ್ಕೆ ಹೊರಗಿನಿಂದ ಕೊಡುತ್ತ ಬಂದರೆ ಆ ಮಗು ಎಲ್ಲರಂತೆ ಶಾಲೆಗೆ ಬರಬಲ್ಲದು.